ಚಕ್ರದ ಜಾಡು ಕುಸಿದ ರಸ್ತೆ: ದೋಷ ಟೈರಿನ ಗಾಳಿಯದೋ, ಆಕ್ಸಲ್ ಭಾರದ್ದೋ, ತಳದ ಮಣ್ಣಿನದೋ?

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಡಾಂಬರು ರಸ್ತೆಗಳಲ್ಲಿ ಲಾರಿಯ ಎಡಗಾಲಿ ಬಲಗಾಲಿಗಳು ಓಡುವ ಎರಡು ಪಟ್ಟಿಗಳು ಮಾತ್ರ ಕುಸಿದು, ನಡುವಿನ ಭಾಗ ಮೊದಲಿನ ಮಟ್ಟದಲ್ಲಿಯೇ ಉಳಿದಿರುವುದು ಸಾಮಾನ್ಯ ದೃಶ್ಯ. ಮಳೆ ಬಂದರೆ ನೀರು ನಿಲ್ಲುವುದು ಅಲ್ಲಿಯೇ, ಬೈಕಿನವರು ಹಿಡಿತ ತಪ್ಪುವುದೂ ಅಲ್ಲಿಯೇ. ಇಂತಹ ದೂರು ಬಂದಾಗ ರೂಢಿಯಲ್ಲಿರುವ ಪರಿಹಾರವೆಂದರೆ ಮೇಲೊಂದು ಡಾಂಬರು ಪದರ ಎಳೆಯುವುದು. ಕೆಲವು ಕಡೆ ಆ ಪದರ ವರ್ಷಗಟ್ಟಲೆ ನಿಲ್ಲುತ್ತದೆ, ಕೆಲವು ಕಡೆ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಕುಸಿದಿರುವುದು ಯಾವ ಪದರ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಕೆಲಸಕ್ಕೆ ಇಳಿದಾಗ ಫಲಿತಾಂಶ ಹೀಗೆ ಅದೃಷ್ಟದ ಮೇಲೆ ನಿಲ್ಲುತ್ತದೆ. ಅಂದಾಜುಪಟ್ಟಿ ಬರೆಯುವ ಮುನ್ನ ದೋಷದ ಆಳವನ್ನು ಪತ್ತೆಹಚ್ಚುವ ಕ್ರಮವನ್ನು ಕಿರಿಯ ಎಂಜಿನಿಯರುಗಳಿಗೂ ಗುತ್ತಿಗೆದಾರರಿಗೂ ಗ್ರಾಮ ಪಂಚಾಯಿತಿಯವರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಲಾಗಿದೆ.

ಟೈರು ಭಾರವನ್ನು ಇಳಿಸುವ ಬಗೆ

ಲಾರಿಯ ಭಾರವೆಲ್ಲ ರಸ್ತೆಗೆ ತಲುಪುವುದು ಪ್ರತಿ ಟೈರಿನಡಿಯ ಅಂಗೈಯಗಲದ ಮೂರು ನಾಲ್ಕು ಪಟ್ಟು ಜಾಗದ ಮೂಲಕ. ಆ ಜಾಗದ ವಿಸ್ತೀರ್ಣವನ್ನು ನಿರ್ಧರಿಸುವುದು ಬಹುಮಟ್ಟಿಗೆ ಟೈರಿನೊಳಗಿನ ಗಾಳಿ. ಟೈರಿನ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗಿರುವ ವಿಸ್ತೀರ್ಣದ ಅಂದಾಜು ಸಿಗುತ್ತದೆ. ಒಂದು ಟೈರಿನ ಮೇಲೆ 2,000 ಕಿಲೋ ಭಾರವಿದ್ದು, ಗಾಳಿ 80 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 5.6 ಕಿಲೋ ಇದ್ದರೆ, ತಾಗುವ ಜಾಗ ಸುಮಾರು 357 ಚದರ ಸೆಂಟಿಮೀಟರು. ಅದೇ ಭಾರಕ್ಕೆ ಗಾಳಿಯನ್ನು 120 ಪಿಎಸ್‌ಐಗೆ, ಅಂದರೆ 8.4 ಕಿಲೋಗೆ ಏರಿಸಿದರೆ ಜಾಗ 238 ಚದರ ಸೆಂಟಿಮೀಟರಿಗೆ ಕುಗ್ಗುತ್ತದೆ. ನಮ್ಮ ದೇಶದ ರಸ್ತೆ ವಿನ್ಯಾಸ ಸಂಹಿತೆಯಾದ ಐಆರ್‌ಸಿ 37 ಡಾಂಬರು ರಸ್ತೆಯ ಲೆಕ್ಕಕ್ಕೆ ಬಹಳ ಕಾಲದಿಂದ ಹಿಡಿದಿರುವ ಸಂಪರ್ಕ ಒತ್ತಡ ಈ 5.6 ಕಿಲೋದ ಮಟ್ಟದ್ದು. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ರೇಡಿಯಲ್ ಟೈರಿಗೆ ಹಿಡಿಸುವ ಗಾಳಿ ಅದಕ್ಕಿಂತ ಬಹಳ ಮೇಲಿರುತ್ತದೆ ಎಂಬುದು ಪತ್ತೆಕಾರ್ಯಕ್ಕೆ ಕೈಹಾಕುವವರಿಗೆ ಮೊದಲೇ ಗೊತ್ತಿರಬೇಕು.

ಈಗ ಈ ಒತ್ತಡ ಕೆಳಕ್ಕೆ ಇಳಿಯುವಾಗ ಏನಾಗುತ್ತದೆ ಎಂಬುದನ್ನು ನೋಡೋಣ. ಇಡೀ ಪತ್ತೆಕಾರ್ಯ ನಿಂತಿರುವುದು ಇದರ ಮೇಲೆ. ನೆಲವೆಲ್ಲ ಒಂದೇ ಬಗೆಯದು ಎಂದು ಊಹಿಸಿ ಭಾರದ ಒತ್ತಡ ಆಳಕ್ಕೆ ಹೋದಂತೆ ಎಷ್ಟು ತಗ್ಗುತ್ತದೆ ಎಂದು ಹೇಳುವ ಬೂಸಿನೆಸ್ಕ್ ಸೂತ್ರದಿಂದ ಲೆಕ್ಕ ಹಾಕಿದರೆ, ಮೇಲಿನ 2,000 ಕಿಲೋ ಭಾರಕ್ಕೆ 5 ಸೆಂಟಿಮೀಟರು ಆಳದಲ್ಲಿ ಬೀಳುವ ಲಂಬ ಒತ್ತಡ 80 ಪಿಎಸ್‌ಐ ಗಾಳಿಯಲ್ಲಿ ಚದರ ಸೆಂಟಿಮೀಟರಿಗೆ 5.2 ಕಿಲೋ, 120 ಪಿಎಸ್‌ಐ ಗಾಳಿಯಲ್ಲಿ 7.4 ಕಿಲೋ. ಆದರೆ 50 ಸೆಂಟಿಮೀಟರು ಆಳಕ್ಕೆ ಹೋದಾಗ ಆ ಎರಡು ಅಂಕಿಗಳು ಕ್ರಮವಾಗಿ 0.36 ಮತ್ತು 0.37, ವ್ಯತ್ಯಾಸ ಇಲ್ಲವೆಂದರೂ ನಡೆಯುತ್ತದೆ. ಇನ್ನು ಗಾಳಿಯನ್ನು 80ರಲ್ಲಿಯೇ ಇಟ್ಟು ಭಾರವನ್ನು ಇಮ್ಮಡಿಯಾಗಿಸಿ 4,000 ಕಿಲೋ ಮಾಡಿದರೆ, 5 ಸೆಂಟಿಮೀಟರು ಆಳದ ಒತ್ತಡ 5.2ರಿಂದ 5.4ಕ್ಕೆ ಏರಿ ನಿಲ್ಲುತ್ತದೆ, 50 ಸೆಂಟಿಮೀಟರು ಆಳದ್ದು ಮಾತ್ರ 0.36ರಿಂದ 0.69ಕ್ಕೆ, ಅಂದರೆ ಹೆಚ್ಚುಕಡಿಮೆ ಇಮ್ಮಡಿಗೆ ಏರುತ್ತದೆ. ನಿಜವಾದ ರಸ್ತೆಯಲ್ಲಿ ಡಾಂಬರು, ವೆಟ್ ಮಿಕ್ಸ್ (ನೀರು ಬೆರೆಸಿ ಹಾಸಿ ಒತ್ತಿದ ಜಲ್ಲಿ), ಗ್ರಾವೆಲ್ ಎಂದು ಬೇರೆ ಬೇರೆ ಬಿಗಿತದ ಪದರಗಳಿರುವುದರಿಂದ ಅಂಕಿಗಳು ಬದಲಾಗುತ್ತವೆ, ಒಲವು ಬದಲಾಗುವುದಿಲ್ಲ. ಗಾಳಿ ಹೆಚ್ಚಾದರೆ ಪೆಟ್ಟು ತಿನ್ನುವುದು ಮೇಲಿನ ಡಾಂಬರು, ಭಾರ ಹೆಚ್ಚಾದರೆ ಪೆಟ್ಟು ತಿನ್ನುವುದು ಕೆಳಗಿನ ಮಣ್ಣು. ಕುಸಿತ ಎಷ್ಟು ಆಳದಲ್ಲಿ ಹುಟ್ಟಿದೆ ಎಂದು ತಿಳಿದರೆ ಕಾರಣ ಯಾವ ಕಡೆಯದು ಎಂಬುದೂ ಅರ್ಧ ತಿಳಿದಂತೆ.

ಸಂಪರ್ಕ ಒತ್ತಡ ಟೈರಿನಡಿ ಎಲ್ಲೆಡೆ ಸಮನಾಗಿರುತ್ತದೆ ಎಂದು ಹಿಡಿಯುವುದು ಲೆಕ್ಕದ ಅನುಕೂಲಕ್ಕೆ ಮಾತ್ರ. ಭಾರ ಮಿತಿಮೀರಿದಾಗ ಟೈರಿನ ಪಕ್ಕದ ಗೋಡೆಗಳೇ ಭಾರ ಹೊರತೊಡಗಿ ಪಟ್ಟಿಯ ಎರಡು ಅಂಚುಗಳಲ್ಲಿ ಒತ್ತಡ ಏರುತ್ತದೆ. ಗಾಳಿ ಮಿತಿಮೀರಿದಾಗ ನಡುಭಾಗದಲ್ಲಿ ಏರುತ್ತದೆ. ಲಾರಿ ಸ್ಟ್ಯಾಂಡಿನಲ್ಲಿ ನಿಂತ ಗಾಡಿಗಳ ಟೈರು ಸವೆದಿರುವ ರೀತಿಯನ್ನು ನೋಡಿದರೆ ಇದರ ಸುಳಿವು ಸಿಗುತ್ತದೆ: ಟೈರು ಅಂಚಿನಲ್ಲಿ ಸವೆದಿದ್ದರೆ ಹೊರೆ ಹೆಚ್ಚು ಅಥವಾ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಹೆಚ್ಚು.

ಮೊದಲ ಪರೀಕ್ಷೆ: ತಗ್ಗಿನ ಅಗಲ ಮತ್ತು ಆಕಾರ

ಮೂರು ಮೀಟರು ಉದ್ದದ ನೇರ ಪಟ್ಟಿಯನ್ನು ರಸ್ತೆಗೆ ಅಡ್ಡಲಾಗಿ ಇಟ್ಟು, ಪಟ್ಟಿಯ ಕೆಳಗಿನ ಸಂದನ್ನು ಬೆಣೆಯಾಕಾರದ ಅಳತೆಗೋಲಿನಿಂದ ಹತ್ತು ಸೆಂಟಿಮೀಟರಿಗೊಮ್ಮೆ ಅಳೆದು ಬರೆದುಕೊಳ್ಳಬೇಕು. ಹೆಚ್ಚಿನವರು ಅತಿ ಆಳವಾದ ಒಂದು ಅಂಕಿಯನ್ನಷ್ಟೇ ಬರೆದುಕೊಂಡು ಪಟ್ಟಿ ಎತ್ತುತ್ತಾರೆ. ಆ ಅಂಕಿ ದುರಸ್ತಿ ಬೇಕೇ ಬೇಡವೇ ಎಂಬುದನ್ನು ಹೇಳುತ್ತದೆ, ಸರಾಸರಿ 20 ಮಿಲಿಮೀಟರು ದಾಟಿದರೆ ಐಆರ್‌ಸಿ 37 ಅದನ್ನು ರಸ್ತೆಯ ಆಯುಸ್ಸು ಮುಗಿದ ಲಕ್ಷಣವಾಗಿ ಪರಿಗಣಿಸುತ್ತದೆ. ಆದರೆ ದೋಷ ಎಲ್ಲಿದೆ ಎಂಬುದನ್ನು ಆಳವೊಂದೇ ಹೇಳಲಾರದು. ಅದನ್ನು ಹೇಳುವುದು ಆಕಾರ.

ತಗ್ಗು ಕಿರಿದಾಗಿದ್ದು, ಅದರ ಎರಡೂ ಬದಿಗೆ ಡಾಂಬರು ಉಬ್ಬಿ ಏರಿಯಂತೆ ಎದ್ದಿದ್ದರೆ, ಡಾಂಬರು ಮಿಶ್ರಣವೇ ಬದಿಗೆ ಸರಿದಿದೆ. ಹಿಂದಿನ ಆಕ್ಸಲಿನ ಜೋಡಿ ಟೈರುಗಳ ನಡುವಣ ಸಂದು ಕೂಡ ಗುರುತಾಗಿ ಉಳಿದು, ಒಂದೇ ಜಾಡಿನಲ್ಲಿ ಅಕ್ಕಪಕ್ಕ ಎರಡು ಸಣ್ಣ ಕಾಲುವೆಗಳು ಕಾಣುತ್ತಿದ್ದರೆ ಸಂಶಯವೇ ಬೇಡ. ಅಷ್ಟು ಸೂಕ್ಷ್ಮವಾದ ಅಚ್ಚನ್ನು ಅರ್ಧ ಮೀಟರು ಆಳದ ಮಣ್ಣು ಮೇಲಕ್ಕೆ ಕಳಿಸಲಾರದು. ಇದಕ್ಕೆ ಪ್ರತಿಯಾಗಿ ತಗ್ಗು ಮುಕ್ಕಾಲು ಮೀಟರಿಗೂ ಮೀರಿ ಅಗಲವಾಗಿ, ಬಟ್ಟಲಿನಂತೆ ನಯವಾಗಿ ಇಳಿದು, ಬದಿಯಲ್ಲಿ ಉಬ್ಬಿಲ್ಲದಿದ್ದರೆ, ಅಥವಾ ಉಬ್ಬು ಜಾಡಿನಿಂದ ದೂರ, ರಸ್ತೆಯ ಪಕ್ಕದ ಮಣ್ಣಿನಲ್ಲಿ ಕಾಣಿಸಿದರೆ, ಕುಸಿದಿರುವುದು ತಳ. ಜಾಡಿನುದ್ದಕ್ಕೂ ಮೊಸಳೆ ಚರ್ಮದಂತಹ ಬಿರುಕು ಎದ್ದು, ಮಳೆಯಾದ ಮರುದಿನ ಆ ಬಿರುಕುಗಳಿಂದ ಕಪ್ಪು ಕೆಸರು ಉಕ್ಕಿ ಒಣಗಿರುವ ಕಲೆ ಕಂಡರೆ ಈ ನಿರ್ಣಯ ಮತ್ತಷ್ಟು ಗಟ್ಟಿಯಾಗುತ್ತದೆ.

ಗ್ರಾಮ ರಸ್ತೆಗಳಿಗೆ ಒಂದು ಹತ್ತಿರದ ದಾರಿಯಿದೆ. ಅಲ್ಲಿ ಮೇಲಿರುವುದು ಹೆಚ್ಚಾಗಿ 20 ಮಿಲಿಮೀಟರು ದಪ್ಪದ ಡಾಂಬರು ಹೊದಿಕೆ ಮತ್ತು ಅದರ ಮೇಲೊಂದು ಸೀಲ್ ಕೋಟ್, ಅಂದರೆ ನೀರು ಇಳಿಯದಂತೆ ಮೈ ಮುಚ್ಚುವ ತೆಳು ಲೇಪ. ಇಪ್ಪತ್ತು ಮಿಲಿಮೀಟರಿನ ಪದರದೊಳಗೆ ನಲವತ್ತು ಮಿಲಿಮೀಟರಿನ ತಗ್ಗು ಹುಟ್ಟುವುದು ಸಾಧ್ಯವಿಲ್ಲ. ಆದ್ದರಿಂದ ಅಂತಹ ರಸ್ತೆಯಲ್ಲಿ ಜಾಡು ಆಳವಾಗಿದ್ದರೆ ಡಾಂಬರನ್ನು ದೂರುವುದನ್ನು ಬಿಟ್ಟು ನೇರವಾಗಿ ಜಲ್ಲಿ ಮತ್ತು ಮಣ್ಣಿನ ಕಡೆಗೆ ಹೋಗಬಹುದು.

ಮೇಲ್ಪದರದ ದೋಷವೆಂದು ತೋರಿದಾಗ

ಡಾಂಬರಿನ ಬಿಗಿತ ಬಿಸಿಲಿಗೂ ವಾಹನದ ವೇಗಕ್ಕೂ ಬಗ್ಗುವಂತಹದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ರಸ್ತೆಯ ಮೈ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆ ಹೊತ್ತಿನಲ್ಲಿ ಲಾರಿ ವೇಗವಾಗಿ ದಾಟಿಹೋದರೆ ಮಿಶ್ರಣ ತಡೆದುಕೊಳ್ಳುತ್ತದೆ, ಏರಿನಲ್ಲಿ ತೆವಳಿದರೆ ಅಥವಾ ಸಾಲಿನಲ್ಲಿ ನಿಂತರೆ ಅದೇ ಭಾರಕ್ಕೆ ಸೋತು ಬದಿಗೆ ಸರಿಯುತ್ತದೆ. ಆದ್ದರಿಂದ ತಗ್ಗುಗಳು ಎಲ್ಲೆಲ್ಲಿವೆ ಎಂದು ರಸ್ತೆಯ ಉದ್ದಕ್ಕೆ ಗುರುತು ಹಾಕುವುದು ಎರಡನೆಯ ಹೆಜ್ಜೆ. ಟೋಲ್ ಗೇಟಿನ ಮುಂದೆ, ಸಿಗ್ನಲ್ ಬಳಿ, ಎಪಿಎಂಸಿ ಪ್ರಾಂಗಣದ ಬಾಗಿಲಲ್ಲಿ ಮೆಕ್ಕೆಜೋಳದ ಲಾರಿಗಳು ಸರದಿ ಕಾಯುವ ಕಡೆ, ಚಿತ್ರದುರ್ಗದ ಸುತ್ತಿನ ಗುಡ್ಡದ ಏರುಗಳಲ್ಲಿ ಮಾತ್ರ ತಗ್ಗಿದ್ದು ಸಮತಟ್ಟಾದ ಓಟದಲ್ಲಿ ಇಲ್ಲದಿದ್ದರೆ, ದೋಷ ಮಿಶ್ರಣದ್ದೇ ಎಂದು ಮುಂದುವರಿಯಬಹುದು.

ಖಚಿತಪಡಿಸಿಕೊಳ್ಳಲು ಎರಡು ಕೋರ್ (ಕೊಳವೆಯಾಕಾರದ ಕೊರಕದಿಂದ ಕೊಯ್ದ ದುಂಡನೆಯ ಡಾಂಬರು ತುಂಡು) ತೆಗೆಯಬೇಕು: ಒಂದು ಜಾಡಿನ ನಡುವಿನಿಂದ, ಇನ್ನೊಂದು ಎರಡು ಜಾಡುಗಳ ನಡುವಿನ ಓಡದ ಭಾಗದಿಂದ. ಜಾಡಿನ ಕೋರಿನಲ್ಲಿ ಡಾಂಬರಿನ ದಪ್ಪ ಕಡಿಮೆಯಾಗಿ, ಆ ಕೊರತೆ ಮೇಲೆ ಅಳೆದ ತಗ್ಗಿಗೆ ಹೊಂದಿದರೆ ಪ್ರಕರಣ ಮುಗಿಯಿತು. ಮುಂದಿನ ಪ್ರಶ್ನೆ ಮಿಶ್ರಣ ಏಕೆ ಸೋತಿತು ಎಂಬುದು. ಪ್ರಯೋಗಾಲಯದಲ್ಲಿ ಖಾಲಿ ಜಾಗದ ಶೇಕಡಾವಾರು ನೋಡಬೇಕು. ವಿನ್ಯಾಸದಲ್ಲಿ ಶೇ 3ರಿಂದ 5 ಇಟ್ಟಿರುವ ಈ ಜಾಗ ವಾಹನಗಳ ತುಳಿತದಿಂದ ಶೇ 3ಕ್ಕಿಂತ ಬಹಳ ಕೆಳಗಿಳಿದಿದ್ದರೆ ಜಲ್ಲಿ ಜಲ್ಲಿಗೆ ಕಚ್ಚುವ ಬದಲು ಡಾಂಬರಿನಲ್ಲಿ ತೇಲತೊಡಗಿದೆ ಎಂದರ್ಥ. ಡಾಂಬರಿನ ಪ್ರಮಾಣ ಹೆಚ್ಚಾಗಿರಬಹುದು, ನದಿಮರಳಿನಂತಹ ದುಂಡನೆಯ ಸಣ್ಣಕಲ್ಲು ಹೆಚ್ಚು ಬಿದ್ದಿರಬಹುದು, ಅಥವಾ ಗಟ್ಟಿಯಾದ ವಿಜಿ 40 ದರ್ಜೆಯ ಡಾಂಬರು ಬೇಕಾದ ಕಡೆ ಅದಕ್ಕಿಂತ ಮೆದುವಾದ ವಿಜಿ 30 ಹಾಕಿರಬಹುದು. ಮಿಶ್ರಣ ಸರಿಯಾಗಿಯೇ ಇದೆ ಎಂದು ವರದಿ ಬಂದರೆ ಆಗ ಟೈರಿನ ಗಾಳಿಯ ಕಡೆ ತಿರುಗಬೇಕು. ಬೆಳಗಿನ ಹೊತ್ತು, ಟೈರು ತಣ್ಣಗಿರುವಾಗ, ಚಾಲಕರ ಒಪ್ಪಿಗೆ ಪಡೆದು ಒಂದಿಷ್ಟು ಲಾರಿಗಳ ಗಾಳಿಯನ್ನು ಗೇಜಿನಿಂದ ಅಳೆದರೆ ಚಿತ್ರ ಸಿಗುತ್ತದೆ. ಓಡಿ ಬಂದ ಬಿಸಿ ಟೈರಿನಲ್ಲಿ ಅಂಕಿ ಮೇಲಕ್ಕಿರುತ್ತದೆ. ಅದನ್ನು ತಣ್ಣಗಿನ ಅಂಕಿಯ ಜೊತೆ ಬೆರೆಸಿ ಸರಾಸರಿ ತೆಗೆಯಬಾರದು.

ಬ್ರೇಕು ಬೀಳುವ ಜಾಗದಲ್ಲಿ ಜಾಡು ಕುಸಿಯದೆ, ಅರ್ಧಚಂದ್ರಾಕಾರದ ಬಿರುಕುಗಳು ಎದ್ದು ಮೇಲಿನ ಪದರ ಮಡಿಕೆಯಾಗಿ ಮುಂದಕ್ಕೆ ತಳ್ಳಿಕೊಂಡಿದ್ದರೆ ಅದು ಬೇರೆಯೇ ದೋಷ. ಟೈರು ಅಲ್ಲಿ ಲಂಬವಾಗಿ ಒತ್ತುವುದರ ಜೊತೆಗೆ ರಸ್ತೆಯ ಮೈಗುಂಟ ಮುಂದಕ್ಕೆ ಎಳೆಯುತ್ತದೆ. ಕೆಳಗಿನ ಪದರಕ್ಕೂ ಮೇಲಿನದಕ್ಕೂ ನಡುವೆ ಅಂಟಿನಂತೆ ಸಿಂಪಡಿಸುವ ತೆಳು ಡಾಂಬರು, ಅಂದರೆ ಟ್ಯಾಕ್ ಕೋಟ್, ಸರಿಯಾಗಿ ಬಿದ್ದಿಲ್ಲದಿದ್ದರೆ ಅಥವಾ ಧೂಳಿನ ಮೇಲೆ ಬಿದ್ದಿದ್ದರೆ ಆ ಎಳೆತಕ್ಕೆ ಮೇಲಿನ ಪದರ ಬಿಟ್ಟುಕೊಳ್ಳುತ್ತದೆ. ಬಿರುಕಿನ ಬಳಿ ತೆಗೆದ ಕೋರ್ ಕೈಯಲ್ಲೇ ಎರಡು ಹೋಳಾದರೆ ಮತ್ತೇನೂ ಪರೀಕ್ಷೆ ಬೇಡ.

ತಳದ ದೋಷವೆಂದು ತೋರಿದಾಗ

ದಾವಣಗೆರೆ, ಹರಿಹರ, ಜಗಳೂರು ಕಡೆಯ ಎರೆಮಣ್ಣಿನ ಪ್ರದೇಶದಲ್ಲಿ ಪ್ರಕರಣ ಹೆಚ್ಚಾಗಿ ಬಂದು ನಿಲ್ಲುವುದು ಇಲ್ಲಿಗೇ. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರಿಯುವ ಈ ಮಣ್ಣು ನೀರು ಕುಡಿದಾಗ ಉಬ್ಬಿ ಮೆತ್ತಗಾಗುತ್ತದೆ. ನೆನೆಸಿದ ಸ್ಥಿತಿಯಲ್ಲಿ ಅದರ ಸಿಬಿಆರ್ ಮೌಲ್ಯ (ಮಣ್ಣಿನ ಭಾರ ಹೊರುವ ಬಲವನ್ನು ಪ್ರಮಾಣಿತ ಜಲ್ಲಿಯ ಬಲಕ್ಕೆ ಹೋಲಿಸಿದ ಶೇಕಡಾವಾರು) ಶೇ 2, 3ರ ಆಸುಪಾಸಿನಲ್ಲಿ ಇರುವುದು ಸಾಮಾನ್ಯ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ರಸ್ತೆಯ ಎರಡೂ ಬದಿ ಭತ್ತದ ಗದ್ದೆಗಳಿದ್ದು, ಗದ್ದೆಯ ನೀರಿನ ಮಟ್ಟ ರಸ್ತೆಯ ಮಣ್ಣಿನ ಮಟ್ಟಕ್ಕೆ ಸಮನಾಗಿರುವ ಕಡೆ ಈ ಮಣ್ಣಿಗೆ ಬೇಸಿಗೆಯೂ ಮಳೆಗಾಲವೇ. ಇದೇ ಕಾರಣಕ್ಕೆ ಮಣ್ಣಿನ ಬಲವನ್ನು ಏಪ್ರಿಲಿನಲ್ಲಿ ಪರೀಕ್ಷಿಸಿ ನೆಮ್ಮದಿಯಾಗಿರುವುದು ಅಪಾಯಕರ. ಮಳೆ ನಿಂತ ಕೂಡಲೇ, ಅಥವಾ ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿದ ಮೇಲೆ ಪರೀಕ್ಷಿಸಬೇಕು.

ಪರೀಕ್ಷೆಗಳಲ್ಲಿ ನನ್ನ ಮೊದಲ ಆಯ್ಕೆ ಅಡ್ಡ ಕಂದಕ. ರಸ್ತೆಯ ಅಂಚಿನಿಂದ ಒಳಕ್ಕೆ, ಹೊರಗಿನ ಜಾಡನ್ನು ಪೂರ್ತಿ ದಾಟುವಷ್ಟು ಉದ್ದಕ್ಕೆ ಡಾಂಬರನ್ನು ಕಟರಿನಿಂದ ನೇರವಾಗಿ ಕೊಯ್ದು, ಮಣ್ಣಿನ ಪದರದೊಳಕ್ಕೆ ಒಂದಡಿ ಇಳಿಯುವವರೆಗೆ ಕೈಯಿಂದ ಅಗೆಸಬೇಕು. ಜೆಸಿಬಿ ಬಕೆಟ್ಟು ಹಾಕಿದರೆ ನೋಡಬೇಕಾದ ಗೆರೆಗಳೇ ಕಲಸಿಹೋಗುತ್ತವೆ. ಕಂದಕದ ಗೋಡೆಯನ್ನು ಕರಣೆಯಿಂದ ಕೆರೆದು ಚೊಕ್ಕಟ ಮಾಡಿ, ರಸ್ತೆಯ ಮೇಲೆ ಅಡ್ಡಲಾಗಿ ಬಿಗಿಯಾಗಿ ದಾರ ಕಟ್ಟಿ, ದಾರದಿಂದ ಪ್ರತಿ ಪದರದ ಗೆರೆಗೆ ಇರುವ ದೂರವನ್ನು ಅಳೆಯಬೇಕು. ಡಾಂಬರಿನ ಕೆಳಗೆರೆ ನೇರವಾಗಿದ್ದು ಮೇಲ್ಗೆರೆ ಮಾತ್ರ ಕುಸಿದಿದ್ದರೆ ಹಿಂದಿನ ವಿಭಾಗಕ್ಕೆ ಮರಳಬೇಕು. ಜಲ್ಲಿ ಪದರದ ಕೆಳಗೆರೆಯೂ ಮಣ್ಣಿನ ಮೇಲ್ಗೆರೆಯೂ ಜಾಡಿನಡಿಯಲ್ಲಿ ಬಾಗಿದ್ದರೆ ದೋಷ ಮಣ್ಣಿನದು. ಹಾಗೆ ಬಾಗಿದ ಕಡೆ ಜಲ್ಲಿಯ ಕೆಳಗಿನ ಎರಡು ಮೂರು ಇಂಚಿನಲ್ಲಿ ಕಲ್ಲುಗಳ ನಡುವೆ ಕಪ್ಪು ಮಣ್ಣು ಮೆತ್ತಿಕೊಂಡಿರುವುದು ಕಾಣುತ್ತದೆ; ಒಂದು ಕಲ್ಲನ್ನು ಹೊರಗೆಳೆದರೆ ಅದರ ಗುಳಿಯಲ್ಲಿ ಮಣ್ಣು ಅಚ್ಚಿನಂತೆ ನಿಂತಿರುತ್ತದೆ. ಆ ಮಣ್ಣಿನ ಒಂದು ಚಿಟಿಕೆಯನ್ನು ಅಂಗೈಯಲ್ಲಿ ಹೊಸೆದು ನೋಡಬೇಕು. ಮೂರು ಮಿಲಿಮೀಟರಿಗಿಂತ ತೆಳ್ಳನೆಯ ಎಳೆಯಾದರೂ ತುಂಡಾಗದಿದ್ದರೆ, ಮಣ್ಣಿನ ತೇವ ಅದರ ಪ್ಲಾಸ್ಟಿಕ್ ಮಿತಿಯನ್ನು (ಮಣ್ಣು ಒತ್ತಿದಂತೆ ಬಾಗುವಷ್ಟು ಮೆತ್ತಗಾಗುವ ತೇವ) ಮೀರಿದೆ ಎಂದು ಸ್ಥಳದಲ್ಲೇ ಹೇಳಬಹುದು.

ಕಂದಕ ತೋಡಲು ಅನುಮತಿ ಸಿಗದ ಕಡೆ ಡಿಸಿಪಿ ಸಾಧನ ಸಾಕು: 8 ಕಿಲೋ ಸುತ್ತಿಗೆಯನ್ನು 575 ಮಿಲಿಮೀಟರು ಎತ್ತರದಿಂದ ಬೀಳಿಸುತ್ತ, ಪ್ರತಿ ಪೆಟ್ಟಿಗೆ ಸರಳು ಎಷ್ಟು ಇಳಿಯಿತು ಎಂದು ಬರೆದುಕೊಂಡರೆ ಮೆತ್ತನೆಯ ಪದರ ಎಲ್ಲಿ ಶುರುವಾಗುತ್ತದೆ ಎಂಬುದು ತಾನಾಗಿ ಕಾಣುತ್ತದೆ. ತುಂಬಿದ ಲಾರಿಯ ಚಕ್ರದಡಿ ರಸ್ತೆ ಎಷ್ಟು ಬಾಗುತ್ತದೆ ಎಂದು ಅಳೆಯುವ ಬೆಂಕೆಲ್‌ಮನ್ ಬೀಮ್ ಪರೀಕ್ಷೆ ಮಾಡಿಸುವವರು ಒಂದು ಎಚ್ಚರ ವಹಿಸಬೇಕು. ಅದಕ್ಕೆ ತರುವ ಲಾರಿಯ ಹಿಂದಿನ ಆಕ್ಸಲ್ 8,170 ಕಿಲೋ, ಟೈರಿನ ಗಾಳಿ 5.6 ಕಿಲೋ ಇರಬೇಕೆಂಬುದು ನಿಯಮ. ಕಡತದಲ್ಲಿ ಆ ಅಂಕಿಗಳು ಸದಾ ಸರಿಯಾಗಿಯೇ ಇರುತ್ತವೆ, ಲಾರಿಯಲ್ಲಿ ಇರುತ್ತವೆಯೇ ಎಂಬುದನ್ನು ವೇಬ್ರಿಡ್ಜ್ ಚೀಟಿಯಿಂದಲೂ ಗೇಜಿನಿಂದಲೂ ತಾವೇ ನೋಡಿಕೊಳ್ಳುವುದು ಒಳ್ಳೆಯದು. ಭಾರವೊಂದನ್ನು ಬೀಳಿಸಿ ರಸ್ತೆಯ ಬಾಗುವಿಕೆಯನ್ನು ಅಳೆಯುವ ಎಫ್‌ಡಬ್ಲ್ಯುಡಿ ಯಂತ್ರ ಲಭ್ಯವಿದ್ದರೆ ಈ ಗೊಡವೆಯಿಲ್ಲ. ಅದು 300 ಮಿಲಿಮೀಟರು ವ್ಯಾಸದ ತಟ್ಟೆಯ ಮೂಲಕ 40 ಕಿಲೋನ್ಯೂಟನ್ ಪೆಟ್ಟು ಕೊಡುತ್ತದೆ, ಅಂದರೆ ಪ್ರಮಾಣಿತ ಆಕ್ಸಲಿನ ಒಂದು ಬದಿಯ ಜೋಡಿ ಟೈರುಗಳ ಭಾರ. ತಟ್ಟೆಯಿಂದ ದೂರದಲ್ಲಿರುವ ಸಂವೇದಕಗಳ ಅಂಕಿ ಬಹುಪಾಲು ತಳದ ಮಣ್ಣಿನ ಮಾತನ್ನೇ ಹೇಳುತ್ತದೆ. ಅವು ಹೆಚ್ಚಾಗಿದ್ದರೆ ಡಾಂಬರಿನ ಚರ್ಚೆ ನಿಲ್ಲಿಸಬಹುದು.

ಭಾರದ ಲೆಕ್ಕ: ಒಟ್ಟು ತೂಕ ಸಾಲದು

ಮಣ್ಣು ಕುಸಿದಿದೆ ಎಂದ ಮಾತ್ರಕ್ಕೆ ಓವರ್‌ಲೋಡ್ ಆಗಿದೆ ಎಂದಲ್ಲ. ಒಳ್ಳೆಯ ಮಣ್ಣು ನೀರಿನಿಂದ ಕೆಟ್ಟಿರಬಹುದು. ಎರಡನ್ನೂ ಬೇರೆ ಮಾಡಲು ಹೋಗುವ ದಿಕ್ಕು ಮತ್ತು ಬರುವ ದಿಕ್ಕಿನ ಜಾಡುಗಳನ್ನು ಹೋಲಿಸಬೇಕು. ಹೊಳಲ್ಕೆರೆ, ಚಿತ್ರದುರ್ಗ ಕಡೆಯ ಅದಿರು ಸಾಗಣೆ ದಾರಿಗಳಲ್ಲಿ ಲಾರಿ ಒಂದು ದಿಕ್ಕಿನಲ್ಲಿ ತುಂಬಿಕೊಂಡು ಹೋಗಿ ಇನ್ನೊಂದು ದಿಕ್ಕಿನಲ್ಲಿ ಖಾಲಿ ಬರುತ್ತದೆ. ತುಂಬಿದ ದಿಕ್ಕು ಮಾತ್ರ ಕುಸಿದಿದ್ದರೆ ಭಾರ ಮುಖ್ಯ ಕಾರಣ, ಎರಡೂ ಸಮನಾಗಿ ಕುಸಿದಿದ್ದರೆ ನೀರು ಮುಖ್ಯ ಕಾರಣ. ಇಷ್ಟು ಅಗ್ಗದ ಪರೀಕ್ಷೆ ಮತ್ತೊಂದಿಲ್ಲ, ಆದರೂ ವರದಿಗಳಲ್ಲಿ ಇದು ಕಾಣುವುದು ಅಪರೂಪ.

ಭಾರದ ಹಾನಿ ಭಾರದಷ್ಟೇ ಏರುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1950ರ ದಶಕದ ಕೊನೆಯಲ್ಲಿ ನಡೆದ ಆಶೋ (ಅಲ್ಲಿನ ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘ) ರಸ್ತೆ ಪ್ರಯೋಗದಿಂದ ಬಂದ ನಾಲ್ಕನೆಯ ಘಾತದ ನಿಯಮವನ್ನೇ ನಮ್ಮ ಸಂಹಿತೆಯೂ ಬಳಸುತ್ತದೆ: ಆಕ್ಸಲ್ ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. ನಾಲ್ಕು ಟೈರಿನ ಒಂಟಿ ಆಕ್ಸಲಿಗೆ ಮೊದಲಿದ್ದ 10.2 ಟನ್ ಮಿತಿಯನ್ನು 2018ರಲ್ಲಿ ಕೇಂದ್ರ ಸರ್ಕಾರ 11.5 ಟನ್ನಿಗೆ ಏರಿಸಿತು. ಭಾರ ಏರಿದ್ದು ಶೇ 13ರಷ್ಟಾದರೂ, ಈ ನಿಯಮದಂತೆ ಒಂದು ಓಟದ ಹಾನಿ ಸುಮಾರು ಶೇ 60ರಷ್ಟು ಹೆಚ್ಚುತ್ತದೆ. ಅದಕ್ಕೂ ಮೊದಲು ವಿನ್ಯಾಸಗೊಂಡ ರಸ್ತೆಯಲ್ಲಿ ಯಾರೊಬ್ಬರೂ ಕಾನೂನು ಮೀರದೆಯೇ ಆಯುಸ್ಸು ಬೇಗ ಮುಗಿಯಬಹುದು ಎಂಬುದನ್ನು ಪತ್ತೆಗಾರರು ನೆನಪಿಡಬೇಕು.

ವೇಬ್ರಿಡ್ಜಿನಲ್ಲಿ ಇಡೀ ಲಾರಿಯನ್ನು ಒಮ್ಮೆಗೆ ತೂಗಿದ ಚೀಟಿ ಈ ಕೆಲಸಕ್ಕೆ ಸಾಲದು. ಒಟ್ಟು ತೂಕ ಮಿತಿಯೊಳಗಿದ್ದು, ಹೇರು ಹಿಂದಕ್ಕೆ ಜಾರಿದ್ದರಿಂದ ಹಿಂದಿನ ಆಕ್ಸಲ್‌ಗಳು ಮಿತಿಮೀರಿರಬಹುದು. ಲಿಫ್ಟ್ ಆಕ್ಸಲ್ ಇರುವ ಬಹುಚಕ್ರದ ಲಾರಿಗಳಲ್ಲಿ ಟೈರು ಉಳಿಯಲೆಂದು ತುಂಬಿದ ಗಾಡಿಯಲ್ಲಿಯೂ ಆ ಆಕ್ಸಲನ್ನು ಮೇಲೆತ್ತಿಯೇ ಓಡಿಸುವ ಚಾಲಕರಿದ್ದಾರೆ. ಆಗ ಅದರ ಪಾಲಿನ ಭಾರವೆಲ್ಲ ಉಳಿದವುಗಳ ಮೇಲೆ ಬೀಳುತ್ತದೆ. ಜೋಡಿ ಟೈರುಗಳಲ್ಲಿ ಒಂದಕ್ಕೆ ಗಾಳಿ ಕಡಿಮೆಯಿದ್ದರೆ, ಅಥವಾ ಸವೆದ ಹಳೆಯ ಟೈರಿನ ಪಕ್ಕ ಹೊಸದನ್ನು ಕೂರಿಸಿದ್ದರೆ ಎರಡರ ಭಾರದ ಹೆಚ್ಚಿನ ಪಾಲನ್ನು ಗಾಳಿ ಸರಿಯಿರುವ ಅಥವಾ ಹೊಸ ಟೈರೇ ಹೊರುತ್ತದೆ. ಒಳಗಿನ ಟೈರು ಕಣ್ಣಿಗೆ ಬೀಳದ್ದರಿಂದ ಕ್ಲೀನರುಗಳು ಸುತ್ತಿಗೆಯ ಹಿಡಿಯಿಂದ ಬಡಿದು ಶಬ್ದ ಕೇಳಿ ಗಾಳಿ ತಿಳಿಯುತ್ತಾರೆ. ಪೂರ್ತಿ ಚಪ್ಪಟೆಯಾದ ಟೈರನ್ನು ಈ ವಿಧಾನ ಹಿಡಿಯುತ್ತದೆ, 20 ಪಿಎಸ್‌ಐ ಕೊರತೆಯನ್ನು ಹಿಡಿಯುವುದಿಲ್ಲ. ಆಕ್ಸಲ್‌ವಾರು ತೂಗುವ ಪ್ಯಾಡುಗಳಿಂದ ಪ್ರತಿ ಬದಿಯನ್ನೂ ಪ್ರತ್ಯೇಕವಾಗಿ ಅಳೆದರೆ ಮಾತ್ರ ಇವೆಲ್ಲ ಹೊರಬರುತ್ತವೆ.

ಅಂಚು ಒಡೆಯುವುದು ಮತ್ತು ಇತರ ಗುರುತುಗಳು

ಕಿರಿದಾದ ಒಂಟಿ ಪಥದ ರಸ್ತೆಯಲ್ಲಿ ಎದುರಿನ ಗಾಡಿಗೆ ದಾರಿ ಬಿಡುವಾಗ ಎಡಗಾಲಿ ಡಾಂಬರಿನ ಅಂಚಿಗೆ ಬರುತ್ತದೆ. ಭಾರ ಹರಡಲು ಅಲ್ಲಿ ಒಂದು ಬದಿಗೆ ಮಾತ್ರ ಆಧಾರವಿರುತ್ತದೆ. ಪಕ್ಕದ ಮಣ್ಣು ಎರಡು ಇಂಚು ತಗ್ಗಾಗಿದ್ದರಂತೂ ಅಂಚು ತುಂಡುತುಂಡಾಗಿ ಉದುರುತ್ತದೆ. ಇದನ್ನು ಜಾಡಿನ ಕುಸಿತದ ಲೆಕ್ಕಕ್ಕೆ ಸೇರಿಸಬಾರದು. ನಾಟಿಯ ಕಾಲದಲ್ಲಿ ಕೇಜ್ ವೀಲ್ ಕಳಚದೆ ಟ್ರ್ಯಾಕ್ಟರನ್ನು ಡಾಂಬರಿನ ಮೇಲೆ ಓಡಿಸಿದರೆ, ಕಬ್ಬಿಣದ ಪಟ್ಟಿಗಳು ಗಾಳಿ ಟೈರಿನಂತೆ ಚಪ್ಪಟೆಯಾಗಿ ಜಾಗ ಹಂಚಿಕೊಳ್ಳಲಾರದ್ದರಿಂದ, ಅಡ್ಡಡ್ಡ ಸಮಾನ ಅಂತರದ ಕಚ್ಚುಗಳು ಬೀಳುತ್ತವೆ. ಸೀಲ್ ಕೋಟ್ ಒಡೆದ ಆ ಕಚ್ಚುಗಳ ಮೂಲಕ ನೀರು ಇಳಿದು, ಮುಂದಿನ ವರ್ಷ ಅದೇ ಜಾಗ ತಳದ ದೋಷವಾಗಿ ಕಾಣಿಸಿಕೊಳ್ಳುತ್ತದೆ. ಕಾಂಕ್ರೀಟ್ ರಸ್ತೆಯಲ್ಲಿ ಚಪ್ಪಡಿಯೇ ಭಾರವನ್ನು ಅಗಲಕ್ಕೆ ಹರಡುವುದರಿಂದ ಜಾಡು ಬೀಳುವುದಿಲ್ಲ. ಅಲ್ಲಿ ಮೂಲೆ ಮುರಿತವನ್ನೂ ಕೀಲಿನಿಂದ ಕೆಸರು ಉಕ್ಕುವುದನ್ನೂ ಹುಡುಕಬೇಕು.

ನಿರ್ಣಯದಂತೆ ಕ್ರಮ

ದೋಷ ಮಿಶ್ರಣದಲ್ಲಿದ್ದರೆ ಸರಿದ ಪದರವನ್ನು ಮಿಲ್ಲಿಂಗ್ ಯಂತ್ರದಿಂದ ಕೆರೆದು ತೆಗೆದ ಮೇಲೆಯೇ ಹೊಸದನ್ನು ಹಾಕಬೇಕು. ಹಳೆಯದನ್ನು ಬಿಟ್ಟು ಮೇಲೆ ಹೊದಿಸಿದರೆ ಅದು ಕೆಳಗೆ ಸರಿಯುತ್ತಲೇ ಇರುತ್ತದೆ. ನಿಲುಗಡೆ ಮತ್ತು ಏರಿನ ಭಾಗಗಳಿಗಷ್ಟೇ ವಿಜಿ 40 ಅಥವಾ ಮಾರ್ಪಡಿಸಿದ ಡಾಂಬರು ಬಳಸಿದರೂ ಸಾಕಾಗುತ್ತದೆ, ಇಡೀ ಉದ್ದಕ್ಕೆ ಖರ್ಚು ಮಾಡಬೇಕಿಲ್ಲ.

ದೋಷ ತಳದಲ್ಲಿದ್ದರೆ ಮೊದಲ ಹಣ ಹೋಗಬೇಕಾದದ್ದು ಚರಂಡಿಗೆ. ಗ್ರಾವೆಲ್ ಪದರವನ್ನು ರಸ್ತೆಯ ಇಳಿಜಾರಿನ ಹೊರಮೈವರೆಗೆ ತಂದು ತೆರೆದುಬಿಟ್ಟಿದ್ದಾರೆಯೇ ಅಥವಾ ಪಕ್ಕದ ಎರೆಮಣ್ಣಿನಿಂದ ಮುಚ್ಚಿದ್ದಾರೆಯೇ ಎಂದು ನೋಡಬೇಕು. ಮುಚ್ಚಿದ್ದರೆ ಒಳಗೆ ಸೇರಿದ ನೀರಿಗೆ ಹೊರಹೋಗುವ ದಾರಿಯೇ ಇಲ್ಲ, ಎಷ್ಟು ದಪ್ಪ ಹಾಕಿದರೂ ಪ್ರಯೋಜನವಿಲ್ಲ. ನಂತರ ಕುಸಿದ ಭಾಗವನ್ನು ಅಗೆದು, ಮಣ್ಣನ್ನು ಬದಲಿಸುವುದೋ ಸುಣ್ಣ ಬೆರೆಸಿ ಗಟ್ಟಿಮಾಡುವುದೋ ಎಂಬುದನ್ನು ಹತ್ತಿರದಲ್ಲಿ ಒಳ್ಳೆಯ ಗ್ರಾವೆಲ್ ಸಿಗುವ ದೂರ ನೋಡಿ ತೀರ್ಮಾನಿಸಬಹುದು. ಚಿತ್ರದುರ್ಗದ ಕೆಂಪುಮಣ್ಣಿನ ಕಡೆ ಬದಲಿಸುವುದು ಸಲೀಸು, ಅಚ್ಚುಕಟ್ಟಿನ ಒಳಭಾಗದಲ್ಲಿ ಸುಣ್ಣವೇ ಅಗ್ಗವಾಗುವುದುಂಟು. ಪದರದ ದಪ್ಪವನ್ನು ಮಾತ್ರ ಮಳೆಯ ನಂತರದ ಸಿಬಿಆರ್ ಮತ್ತು ಆಕ್ಸಲ್‌ವಾರು ತೂಕದ ಪಟ್ಟಿ ಎರಡನ್ನೂ ಮುಂದಿಟ್ಟುಕೊಂಡು ಲೆಕ್ಕಹಾಕಬೇಕು. ಕಂದಕದ ಅಳತೆಗಳು, ಕೋರಿನ ದಪ್ಪ, ಗಾಳಿಯ ಅಂಕಿಗಳು ಮತ್ತು ಅಳೆದ ದಿನಾಂಕ ಅಂದಾಜುಪಟ್ಟಿಯ ಜೊತೆಯಲ್ಲಿಯೇ ಕಡತಕ್ಕೆ ಸೇರಬೇಕು. ಮರುವರ್ಷ ಮಳೆ ನಿಂತ ಮೇಲೆ ಅದೇ ಜಾಗಗಳಲ್ಲಿ ಪಟ್ಟಿ ಇಟ್ಟು ಅಳೆದು ಹೋಲಿಸಲು ಇವು ಬೇಕಾಗುತ್ತವೆ.